ಅತ್ತೆಯ ಬಾನಿ, ಅಳಿಯನ ಗಾಳಿ

ಅಳಿಯನನ್ನು ತೂಗುವುದಕ್ಕೆ ಒಬ್ಬೊಬ್ಬ ಅತ್ತೆಯ ಹತ್ತಿರ ಒಂದೊಂದು ತಕ್ಕಡಿ ಇರುತ್ತದೆ. ಕೆಲವರು ಅವನ ಸಂಬಳ ನೋಡುತ್ತಾರೆ, ಕೆಲವರು ಮಗಳ ಮುಖ ನೋಡುತ್ತಾರೆ. ಚಾಂಗ್‌ಹುವಾ ಪಟ್ಟಣದ ಕನ್ನಡಕದಂಗಡಿ ಚಿ-ತುಂಗನ ಅತ್ತೆ ಮಾತ್ರ ದೋಹುವಾ ನೋಡುತ್ತಿದ್ದರು.

ದೋಹುವಾ ಎಂದರೆ ಸೋಯಾ ಹಾಲಿನ ಗಿಣ್ಣು ಎಂದಿಟ್ಟುಕೊಳ್ಳಿ. ಆದರೆ ಗಿಣ್ಣಿಗೆ ಒಂದಿಷ್ಟಾದರೂ ಧೈರ್ಯವಿರುತ್ತದೆ. ಇದು ದಿಟ್ಟಿಸಿ ನೋಡಿದರೂ ನಡುಗುವಂಥದು. ಅತ್ತೆ ನಲವತ್ತು ವರ್ಷ ಸಂತೆಬೀದಿಯಲ್ಲಿ ಅದನ್ನು ಮಾರಿದವರು. ಈಗ ಅಂಗಡಿ ಮುಚ್ಚಿದ್ದರೂ ವರ್ಷಕ್ಕೊಂದು ದಿನ, ಚಾಂದ್ರಮಾನದ ಮೂರನೇ ತಿಂಗಳ ಇಪ್ಪತ್ತಮೂರರಂದು, ಕಡಲಮ್ಮ ಮಾಝುವಿನ ಹುಟ್ಟುಹಬ್ಬಕ್ಕೆ, ಕೋಳಿ ಕೂಗುವ ಮುಂಚೆ ಎದ್ದು ಮರದ ಬಾನಿ ತುಂಬ ದೋಹುವಾ ಹೆಪ್ಪು ಹಾಕುತ್ತಿದ್ದರು. ಆ ಬಾನಿ ಇಪ್ಪತ್ತು ಕಿಲೋಮೀಟರ್ ಆಚೆಯ ಅವರ ತವರೂರಿನ ಗುಡಿಗೆ ಹೋಗಬೇಕು. ಅಲ್ಲಿ ನೂರು ಜನರ ಎದುರು ಮುಚ್ಚಳ ತೆಗೆದಾಗ ಮೇಲ್ಮೈ ಕನ್ನಡಿಯ ಹಾಗಿರಬೇಕು. ಯಾರ ಕಾರಿನಲ್ಲಿ ಬಾನಿ ಬಿರುಕಿಲ್ಲದೆ ಬಂತೋ ಅವನೇ ಅಳಿಯ. ಉಳಿದವನು ಮಗಳ ಗಂಡ, ಅಷ್ಟೇ.

ಬಹಳ ವರ್ಷ ಆ ಗೌರವ ಹಿರಿಯಳಿಯ ಚಿ-ತುಂಗನದೇ ಆಗಿತ್ತು. ಅಷ್ಟರಲ್ಲಿ ಅವನ ತಲೆಗೆ ಏನು ಹೊಕ್ಕಿತೋ, ಹಳೆಯ ಗಾಡಿ ಕೊಟ್ಟು ಯಾರೋ ಓಡಿಸಿ ಬಿಟ್ಟಿದ್ದ ಜರ್ಮನಿ ಕಾರೊಂದನ್ನು ತಂದ. ಅದಕ್ಕೆ ರನ್-ಫ್ಲಾಟ್ ಟೈರುಗಳಿದ್ದವು. ಮುಳ್ಳು ಚುಚ್ಚಿ ಗಾಳಿಯೆಲ್ಲ ಹೋದರೂ ಗಟ್ಟಿ ಪಕ್ಕೆಗಳ ಮೇಲೇ ನಿಂತು ಎಂಬತ್ತು ಕಿಲೋಮೀಟರ್ ಓಡುವ ಟೈರುಗಳು ಎಂದು ಅವನು ಕಣ್ಣು ತೋರಿಸಲು ಬಂದವರಿಗೆಲ್ಲ ಹೇಳಿದ. ಗಾಳಿ ಇರುವಾಗಲೂ ಗಾಳಿ ಇಲ್ಲದ ಹಾಗೇ ಓಡುತ್ತವೆ ಎಂಬುದನ್ನು ಮಾತ್ರ ಹೇಳಲಿಲ್ಲ. ಆ ಕಾರು ರಸ್ತೆಯ ಮೇಲೆ ಬಿದ್ದ ಕುಂಬಳದ ಬೀಜವನ್ನೂ ಎಣಿಸಿಕೊಂಡು ಹೋಗುತ್ತಿತ್ತು. ಆ ವರ್ಷ ಗುಡಿಯ ಮುಂದೆ ಅತ್ತೆ ಮುಚ್ಚಳ ತೆಗೆದರು. ಒಳಗಿದ್ದುದು ಉಪ್ಪಿಟ್ಟು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಚ್ಚಳ ಮೆಲ್ಲಗೆ ಮುಚ್ಚಿ, ಪಕ್ಕದಲ್ಲಿ ನಿಂತಿದ್ದ ಕಿರಿಯಳಿಯ ಅ-ಕುನ್‌ನ ಕಡೆ ತಿರುಗಿ, "ಮುಂದಿನ ವರ್ಷ ನಿನ್ನ ಕಾರು ಬಿಡುವಾಗಿರುತ್ತದೇನಪ್ಪಾ?" ಎಂದರು.

ಅ-ಕುನ್ ನೀರು ಕಾಯಿಸುವ ಯಂತ್ರಗಳನ್ನು ಮಾರುವವನು. ಅವನ ಕಾರು ಹಳೆಯದು, ಪುಟ್ಟದು, ಸೀಟಿನ ಮೇಲೆ ಮಕ್ಕಳು ಚೆಲ್ಲಿದ ಸಕ್ಕರೆ ನೀರಿನ ಕಲೆ ಬೇರೆ. ಅಂಥ ಷಡ್ಡಕನ ಎದುರು ಸೋಲುವುದನ್ನು ನೆನೆದರೆ ಚಿ-ತುಂಗನಿಗೆ ಅನ್ನ ಸೇರುತ್ತಿರಲಿಲ್ಲ. ಹೊಸ ವರ್ಷದ ಎರಡನೇ ದಿನ ಹೆಂಡತಿಯ ಜೊತೆ ಅತ್ತೆಯ ಮನೆಗೆ ಊಟಕ್ಕೆ ಹೋದಾಗ ಮರ್ಯಾದೆಯ ಅತಿಥಿಯ ಕಡೆಗೆ ತಿರುಗಿಸಿಡುವ ಮೀನಿನ ತಲೆ ಅ-ಕುನ್‌ನ ಕಡೆಗೆ ತಿರುಗಿತ್ತು. ಹದಿನೆಂಟು ವರ್ಷದಿಂದ ಅದು ಚಿ-ತುಂಗನ ಕಡೆಗೇ ತಿರುಗುತ್ತಿತ್ತು. ಮೀನು ಸತ್ತಿತ್ತು, ಆದರೂ ಅದರ ಕಣ್ಣಿನಲ್ಲಿ ಒಂದು ನಗು ಇತ್ತು ಎಂದು ಅವನು ಆಣೆ ಮಾಡಿ ಹೇಳುತ್ತಾನೆ.

ಅವತ್ತೇ ಅವನು ನಿರ್ಧರಿಸಿದ: ರನ್-ಫ್ಲಾಟ್ ತೆಗೆಸಿ ಸಾದಾ ಟೈರು ಹಾಕಿಸುವುದು. ಹೆಂಡತಿ ಬಿ-ಶ್ಯಾ ತಾಯಿಯ ಕೈಕಾಲು ಹಿಡಿದು ಇನ್ನೊಂದು ಅವಕಾಶ ಕೊಡಿಸಿದಳು. ಅತ್ತೆ ಒಪ್ಪಿದರು, ಆದರೆ ಷರತ್ತು ಹಾಕಿದರು. ಈ ಸಲವೂ ಒಡೆದರೆ ಬಾನಿ ತಾವಿರುವವರೆಗೆ ಅ-ಕುನ್‌ನ ಕಾರಿನಲ್ಲಿ. ತಾವು ಹೋದ ಮೇಲೆ ಬೂದಿಯ ಗಡಿಗೆಯೂ ಅ-ಕುನ್‌ನ ಕಾರಿನಲ್ಲೇ.

ಟೈರು ಬದಲಾಯಿಸಿದವನು ತ್ಸೆಂಗ್ ಮೇಸ್ತ್ರಿ. ಮಾತು ಕಡಿಮೆ, ಬಾಯಲ್ಲಿ ಸದಾ ಅಡಿಕೆ. ಅವನು ನಾಲ್ಕೂ ಟೈರು ಕೂರಿಸಿ, ಚಾಲಕನ ಬಾಗಿಲು ತೆಗೆದು, ಬಾಗಿಲ ಚೌಕಟ್ಟಿಗೆ ಕಾರಿನ ಕಂಪನಿಯವರು ಅಂಟಿಸಿದ್ದ ಚೀಟಿ ನೋಡಿ, ಮುಂದಕ್ಕೆ ಮೂವತ್ತಮೂರು, ಹಿಂದಕ್ಕೆ ಮೂವತ್ತಾರು ಪೌಂಡು ಗಾಳಿ ತುಂಬಿದ. ಆಮೇಲೆ ಒಂದು ಪುಟ್ಟ ಪಂಪನ್ನೂ ತೂತು ಮುಚ್ಚುವ ಅಂಟಿನ ಡಬ್ಬಿಯನ್ನೂ ಡಿಕ್ಕಿಯಲ್ಲಿಟ್ಟು ಎರಡು ಮಾತು ಹೇಳಿದ.

"ಈ ಗಾಡೀಲಿ ಸ್ಟೆಪ್ನಿ ಇಲ್ಲ. ಇವು ಸಾದಾ ಟೈರು, ಗಾಳಿ ಹೋದ್ರೆ ಓಡಲ್ಲ, ಪಂಪು ಇಳಿಸ್ಬೇಡಿ. ಎರಡ್ನೇದು, ಗಾಳಿ ನೋಡೋದು ಬೆಳಗ್ಗೆ, ಗಾಡಿ ತೆಗೆಯೋಕೆ ಮುಂಚೆ. ಓಡಿದ್ಮೇಲೆ ಟೈರು ಬಿಸಿಯಾಗಿ ಮೀಟರು ಸುಳ್ಳು ಹೇಳುತ್ತೆ."

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿಯುತ್ತಲೂ ಇತ್ತು. ಆದರೆ ಚಿ-ತುಂಗ್ ಇಪ್ಪತ್ತಾರು ವರ್ಷದಿಂದ ಜನರ ಮೂಗಿನ ಮೇಲೆ ಗಾಜು ಬದಲಾಯಿಸಿ ಬದಲಾಯಿಸಿ 'ಒಂದು ಚೆನ್ನಾಗಿದೆಯೋ, ಎರಡು ಚೆನ್ನಾಗಿದೆಯೋ' ಎಂದು ಕೇಳಿದ ಮನುಷ್ಯ. ಯಾವ ಸಂಖ್ಯೆಯ ಪಕ್ಕದಲ್ಲೂ ಅದಕ್ಕಿಂತ ಒಳ್ಳೆಯ ಸಂಖ್ಯೆಯೊಂದು ಇದ್ದೇ ಇರುತ್ತದೆ ಎಂಬುದು ಅವನ ಧರ್ಮ. ಬಾಗಿಲ ಚೀಟಿಯನ್ನು ಬರೆದವರು ರನ್-ಫ್ಲಾಟ್ ಟೈರು ಕಣ್ಣೆದುರಿಟ್ಟುಕೊಂಡು ಬರೆದದ್ದು ತಾನೆ? ಅದು ಈ ಟೈರಿಗೆ ಹೇಗೆ ಸರಿಹೊಂದೀತು?

"ಮೊದಲ ಗಂಡನ ಜಾತಕ ಎರಡನೇ ಗಂಡನಿಗೆ ಓದ್ದಂಗಾಯ್ತು," ಎಂದ ಮನೆಗೆ ಬಂದು.

"ಕಾರು ಅದೇ, ತೂಕ ಅದೇ, ಟೈರಿನ ಅಳತೆ ಅದೇ," ಎಂದಳು ಬಿ-ಶ್ಯಾ, ಬಟ್ಟೆ ಮಡಿಸುತ್ತ. "ಬರೆದಿರೋದನ್ನ ಓದೋಕೆ ಕನ್ನಡಕದಂಗಡಿಯವನಿಗೇ ಕಷ್ಟವಾದ್ರೆ ಊರಿನವರ ಗತಿ ಏನು, ಅ-ತುಂಗ್?" ಮನೆಯವರ ಬಾಯಲ್ಲಿ ಅವನು ಅ-ತುಂಗ್.

ಅವನು ಹೆಂಡತಿಯ ಮಾತನ್ನು ಗಾಳಿಗೆ ಬಿಟ್ಟು (ಮನೆಯಲ್ಲಿ ಆಗ ಗಾಳಿಗೇನು ಕೊರತೆ) ಕಾರಿನವರ ಅಂತರ್ಜಾಲ ಸಭೆಗೆ ಹೋಗಿ ಪ್ರಶ್ನೆ ಇಟ್ಟ. ಅಲ್ಲಿ ಪಂಡಿತರಿಗೇನು ಬರ. ರನ್-ಫ್ಲಾಟಿಗಿಂತ ಮೂರು ಪೌಂಡು ಕಡಿಮೆ ಎಂದರು ಕೆಲವರು. ಸಾದಾ ಟೈರಿನ ಪಕ್ಕೆ ಮೆತ್ತಗೆ, ಹಾಗಾಗಿ ಮೂರು ಹೆಚ್ಚು ಎಂದರು ಇನ್ನು ಕೆಲವರು. ಚೀಟಿಯೇ ಸರಿ ಎಂದ ಒಬ್ಬನನ್ನು ಎರಡೂ ಪಕ್ಷದವರು ಸೇರಿ ಓಡಿಸಿದರು. ಮೂರನೇ ದಿನಕ್ಕೆ ಚರ್ಚೆ ಯಾರೋ ಯಾರದೋ ತಾಯಿಯ ಸುದ್ದಿ ಎತ್ತಿದ್ದರಿಂದ ನಿಂತಿತು.

ಆಮೇಲೆ ಪ್ರಯೋಗಪರ್ವ. ಭಾನುವಾರದ ಮಧ್ಯಾಹ್ನ ಹೆಂಡತಿಯ ಕೈಗೆ ಒಂದು ಬಟ್ಟಲು ದೋಹುವಾ ಕೊಟ್ಟು ಹಿಂದಿನ ಸೀಟಿನಲ್ಲಿ ಕೂರಿಸಿ, ಕಾಲುವೆ ರಸ್ತೆಯಲ್ಲಿ ಸುತ್ತು ಹೊಡೆದ. ಪ್ರತಿ ಸುತ್ತಿಗೂ ಇಳಿದು ಪೌಂಡು ಬದಲಾಯಿಸಿ, ಮತ್ತೆ ಹತ್ತಿ, ಕನ್ನಡಿಯಲ್ಲಿ ಅವಳ ಮುಖ ನೋಡಿ ಕೇಳುವುದು: ಒಂದು ಚೆನ್ನಾಗಿತ್ತೋ, ಎರಡು ಚೆನ್ನಾಗಿದೆಯೋ?

"ಎರಡೂ ಒಂದೇ ಥರ ಇದೆ."

"ಸರಿಯಾಗಿ ಗಮನಿಸಿ ಹೇಳು."

"ನಾನು ಕೂತ್ಕೊಂಡಿರೋ ಜಾಗಕ್ಕೆ ಕಣ್ಣಿಲ್ಲ, ಅ-ತುಂಗ್."

ಐದನೇ ಸುತ್ತಿನಲ್ಲಿ ಬಟ್ಟಲು ನೋಡಿದರೆ ಖಾಲಿ. ಪರೀಕ್ಷಾ ಸಾಮಗ್ರಿಯನ್ನು ಪರೀಕ್ಷಕಿಯೇ ತಿಂದು ಮುಗಿಸಿದ್ದಳು. ಚಿ-ತುಂಗ್ ಇನ್ನೊಂದು ತಂದ. ಅದನ್ನೂ ತಿಂದಳು. ಹೀಗೆ ಸಂಜೆಯೊಳಗೆ ಏಳು ಬಟ್ಟಲು ದೋಹುವಾ ಖರ್ಚಾಗಿ, ಖಚಿತವಾದದ್ದು ಒಂದೇ ಸಂಗತಿ: ಕಾಲುವೆ ಮೂಲೆಯ ಅಂಗಡಿಯವನು ಶುಂಠಿ ಜಾಸ್ತಿ ಹಾಕುತ್ತಾನೆ.

ಮನುಷ್ಯರೆಲ್ಲ ಕೈಬಿಟ್ಟ ಮೇಲೆ ಉಳಿದವನು ದೇವರು. ಅವರ ಗಲ್ಲಿಯ ತಲೆಯಲ್ಲಿ ಭೂಮಿ ತಾತನ ಪುಟ್ಟ ಗುಡಿ ಇತ್ತು. ಬಿಳಿ ಗಡ್ಡ, ಗುಂಡು ಕೆನ್ನೆ, ಕೈಯಲ್ಲಿ ಬಂಗಾರದ ಗಟ್ಟಿ. ಗಲ್ಲಿಯ ಸಣ್ಣಪುಟ್ಟ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುವುದು ಅವನ ಇಲಾಖೆ. ಕೇಳುವ ಕ್ರಮವೂ ಎಲ್ಲರಿಗೂ ಗೊತ್ತಿರುವಂಥದೇ. ಅರ್ಧಚಂದ್ರದ ಹಾಗಿರುವ ಎರಡು ಕೆಂಪು ಮರದ ತುಂಡುಗಳನ್ನು ಕೈಯಲ್ಲಿ ಹಿಡಿದು, ಪ್ರಶ್ನೆ ಹೇಳಿ, ನೆಲಕ್ಕೆ ಬಿಡಬೇಕು. ಒಂದು ಚಪ್ಪಟೆ, ಒಂದು ಉಬ್ಬು ಮೇಲಾದರೆ ಹೂಂ. ಎರಡೂ ಉಬ್ಬು ಮೇಲಾದರೆ ಊಹೂಂ. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾನೆ, ಪ್ರಶ್ನೆ ಸರಿಯಿಲ್ಲ ಎಂದರ್ಥ. ದೊಡ್ಡ ವಿಷಯಕ್ಕೆ ಒಂದರ ಹಿಂದೊಂದು ಮೂರು ಹೂಂ ಬೇಕು.

ಹಬ್ಬದ ಹಿಂದಿನ ದಿನ ಚಿ-ತುಂಗ್ ಮೂರು ಊದುಬತ್ತಿ ಹಚ್ಚಿ, ಹೆಸರು, ವಿಳಾಸ, ಕಾರಿನ ನಂಬರು ಎಲ್ಲ ಹೇಳಿ ಕೇಳಿದ. ಮೂವತ್ತು ಪೌಂಡು ಇಡಲೇ? ದೇವರು ನಕ್ಕ. ಇಪ್ಪತ್ತೆಂಟು? ದೇವರು ನಕ್ಕ. ಇಪ್ಪತ್ತಾರು? ಒಂದು ತುಂಡು ನೆಲದ ಮೇಲೆ ಉರುಳಾಡಿ, ಸುತ್ತಿ, ಹೊಟ್ಟೆ ಹಿಡಿದುಕೊಂಡವರ ಹಾಗೆ ಅಲುಗಿ, ಕೊನೆಗೆ ಚಪ್ಪಟೆಯಾಗಿ ಬಿತ್ತು. ಮತ್ತೆ ನಗು.

ಅವನು ಯೋಚಿಸಿದ. ಚೀಟಿಯಲ್ಲಿದ್ದ ಸಂಖ್ಯೆಯನ್ನೂ ಕೇಳಬಹುದಿತ್ತು, ಕೇಳಲಿಲ್ಲ. ಹೂಂ ಎಂದುಬಿಟ್ಟರೆ ಹೆಂಡತಿಗೆ ಮುಖ ತೋರಿಸುವುದು ಹೇಗೆ? ಅಂಗಡಿಯಲ್ಲಿ ಕನ್ನಡಕ ಒಪ್ಪಿದ ಗಿರಾಕಿ ಬಾಯಿಬಿಟ್ಟು ಹೂಂ ಎನ್ನುವುದಿಲ್ಲ, ಕನ್ನಡಿ ನೋಡಿಕೊಂಡು ನಗುತ್ತಾನೆ. ದೇವರೂ ಹಾಗೆಯೇ ಇರಬೇಕು. ಅದರಲ್ಲೂ ಇಪ್ಪತ್ತಾರಕ್ಕೆ ಉರುಳಾಡಿ ನಕ್ಕಿದ್ದಾನೆ. ಇದಕ್ಕಿಂತ ಒಪ್ಪಿಗೆ ಇನ್ನೇನು ಬೇಕು?

ಸುಡು ಬಿಸಿಲಿನಲ್ಲಿ ಊರೆಲ್ಲ ಸುತ್ತಿ ಬಂದ ಕಾರಿನ ಪಕ್ಕ ಅಲ್ಲೇ ಕುಕ್ಕರಗಾಲಲ್ಲಿ ಕೂತು, ನಾಲ್ಕೂ ಚಕ್ರಗಳ ಗಾಳಿಯನ್ನು ಇಪ್ಪತ್ತಾರಕ್ಕೆ ಇಳಿಸಿದ. ಟೈರು ಬಿಸಿ ದೋಸೆಕಲ್ಲಿನ ಹಾಗಿತ್ತು. ಮೇಸ್ತ್ರಿಯ ಎರಡನೇ ಮಾತು ನೆನಪಾಗಲಿಲ್ಲ. ಮೊದಲನೇ ಮಾತು ನೆನಪಾಯಿತು, ಆದರೆ ಕಾರು ಓಡುವಾಗ ಡಿಕ್ಕಿಯಲ್ಲಿ ಪಂಪು ಗಡಗಡ ಎನ್ನುತ್ತಿತ್ತು. ಆ ಸದ್ದಿಗೇ ದೋಹುವಾ ಬಿರುಕು ಬಿಟ್ಟರೆ? ಪಂಪು, ಡಬ್ಬಿ ಎರಡನ್ನೂ ತೆಗೆದು ಮನೆಯ ಚಪ್ಪಲಿ ಗೂಡಿನ ಮೇಲಿಟ್ಟ.

ಮರುದಿನ ಬೆಳಿಗ್ಗೆ ಆರಕ್ಕೆ ಹೊರಟರು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಎರಡು ಕಾಲುಗಳ ನಡುವೆ ಬಾನಿ, ಪಕ್ಕದಲ್ಲಿ ಸಕ್ಕರೆ ಪಾಕದ ಪಾತ್ರೆ, ಕಾಗದದ ಬಟ್ಟಲುಗಳ ಕಟ್ಟು. ಮುಂದೆ ಬಿ-ಶ್ಯಾ. ಕಾರು ಹೊರಟಿತು ಎನ್ನುವುದಕ್ಕಿಂತ ತೇಲಿತು ಎನ್ನಬೇಕು. ತಿರುವುಗಳಲ್ಲಿ ತುಂಬು ಬಸುರಿಯ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಿತ್ತು ನಿಜ, ಆದರೆ ಕುಲುಕು ಎಂಬುದಿಲ್ಲ. ಅತ್ತೆ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು, ದೋಣಿಯಲ್ಲಿ ಕೂತ ಹಾಗಿದೆ ಎಂದರು. ಚಿ-ತುಂಗನ ಕಣ್ಣಿಗೆ ಮೀನಿನ ತಲೆ ಮೆಲ್ಲಗೆ ತನ್ನ ಕಡೆ ತಿರುಗುವುದು ಕಂಡಿತು.

ಅಷ್ಟರಲ್ಲಿ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಅದೇನೆಂದು ಬಿ-ಶ್ಯಾ ಕೇಳಿದಳು. ಹಳೇ ಟೈರಿಗೆ ಒಗ್ಗಿದ ದೀಪ, ಹೊಸಬರ ಪರಿಚಯವಾಗಿಲ್ಲ ಎಂದು ಹೇಳಿ, ಕನ್ನಡಿಗೆ ತೂಗುಹಾಕಿದ್ದ ಗುಡಿಯ ರಕ್ಷೆಯ ಚೀಲ ಬಿಚ್ಚಿ ಅದರ ಮೇಲೆ ಮುಚ್ಚಿದ. ದೇವರ ಕಣ್ಣಿಗೆ ದೇವರನ್ನೇ ಅಡ್ಡ ಹಿಡಿದ ಹಾಗಾಯಿತು.

ತವರೂರು ಇನ್ನು ಮೂರು ಕಿಲೋಮೀಟರ್ ಇರುವಾಗ, ಭತ್ತದ ಗದ್ದೆಗಳ ನಡುವಿನ ಸಣ್ಣ ರಸ್ತೆಯಲ್ಲಿ ಎದುರಿಗೆ ಪಟಾಕಿಯ ಪೆಟ್ಟಿಗೆಗಳನ್ನು ಗೋಪುರದಂತೆ ಹೇರಿಕೊಂಡು ಒಂದು ಸ್ಕೂಟರ್ ಬಂತು. ಚಿ-ತುಂಗ್ ದಾರಿ ಬಿಡಲು ಬಲಕ್ಕೆ ಸರಿದ. ಚರಂಡಿಯ ಸಿಮೆಂಟು ಅಂಚಿಗೆ ಹಿಂದಿನ ಬಲಚಕ್ರ ತಗುಲಿತು. ಗಾಳಿ ತುಂಬಿದ ಟೈರಾಗಿದ್ದರೆ ಪುಟಿದು ಹೋಗುತ್ತಿತ್ತು. ಇದು ಸೊರಗಿದ ಟೈರು. ಅಂಚಿಗೂ ಚಕ್ರದ ಕಬ್ಬಿಣಕ್ಕೂ ನಡುವೆ ಸಿಕ್ಕಿ ಚಿವುಟಿಸಿಕೊಂಡು ಬುಸ್ ಎಂದಿತು.

"ಏನೂ ಆಗಿಲ್ಲಮ್ಮಾ," ಎಂದ ಚಿ-ತುಂಗ್, ಹಳೆಯ ಅಭ್ಯಾಸದಿಂದ. "ಗಾಳಿ ಇಲ್ಲದೇನೂ ಎಂಬತ್ತು ಕಿಲೋಮೀಟರ್ ಓಡುತ್ತೆ."

"ಅದು ಆ ಟೈರು," ಎಂದಳು ಬಿ-ಶ್ಯಾ. "ಅವನ್ನ ಕೊಟ್ಟಾಯ್ತು."

ದಬ ದಬ ಸದ್ದು ಅವಳ ಮಾತಿಗೆ ಹೂಂಗುಟ್ಟಿತು. ಒಂದು ಹಲಸಿನ ಮರದ ನೆರಳಿನಲ್ಲಿ ಕಾರು ಬಲಮಗ್ಗುಲಿಗೆ ಕುಸಿದು ಕೂತಿತು. ಪಂಪು ಎಲ್ಲಿ ಎಂದು ಬಿ-ಶ್ಯಾ ಕೇಳಿದಳು. ಚಪ್ಪಲಿ ಗೂಡಿನ ಮೇಲೆ ಎಂದು ಚಿ-ತುಂಗ್ ಎಷ್ಟು ಮೆಲ್ಲಗೆ ಹೇಳಿದನೆಂದರೆ ಆ ಧ್ವನಿಯಲ್ಲಿ ನಾಲ್ಕು ಪೌಂಡೂ ಇರಲಿಲ್ಲ. ಅಷ್ಟು ಹೊತ್ತಿಗಾಗಲೇ ಗುಡಿ ಸೇರಿದ್ದ ಅ-ಕುನ್‌ಗೆ ಫೋನು ಹಚ್ಚಿದರು. ಮೆರವಣಿಗೆಗೆಂದು ದಾರಿ ಕಟ್ಟಿದ್ದಾರೆ, ಕಾರು ಈಚೆ ತರಲು ಮಧ್ಯಾಹ್ನದವರೆಗೆ ಸಾಧ್ಯವಿಲ್ಲ ಎಂದ. ಅವನ ದುಃಖದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚಿತ್ತು.

ಅತ್ತೆ ಇಳಿದರು. ಮುಚ್ಚಳ ತೆಗೆದು ನೋಡಿದರು. ದೋಹುವಾ ಕನ್ನಡಿಯ ಹಾಗಿತ್ತು, ಮೇಲೆ ಹಲಸಿನ ಎಲೆಗಳ ನೆರಳು ಆಡುತ್ತಿತ್ತು. ಅಷ್ಟು ಚೆನ್ನಾಗಿದ್ದುದೇ ಅವರಿಗೆ ಹೆಚ್ಚು ಸಂಕಟವಾಯಿತು. ನಲವತ್ತು ವರ್ಷದಲ್ಲಿ ಒಮ್ಮೆಯೂ ಮಾಝು ಅಮ್ಮನ ಹುಟ್ಟುಹಬ್ಬ ತಪ್ಪಿಸಿದವರಲ್ಲ. ಒಡೆದ ವರ್ಷವೂ ಒಡೆದದ್ದನ್ನೇ ಮುಂದಿಟ್ಟು ಕ್ಷಮೆ ಕೇಳಿದವರು. ಮರದ ಬುಡದಲ್ಲಿ ಬಾನಿ ಇಟ್ಟುಕೊಂಡು, ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು, "ಒಡೆದಿದ್ರೆ ನಿನ್ನನ್ನ ಬೈಬಹುದಿತ್ತು, ಅ-ತುಂಗ್. ಈಗ ಯಾರನ್ನ ಬೈಲಿ?" ಎಂದರು.

ಚಿ-ತುಂಗನಿಗೆ ಮೊದಲ ಸಲ ಮೀನಿನ ತಲೆ ಮರೆತುಹೋಯಿತು. ಬಾನಿಯನ್ನು ತಲೆಯ ಮೇಲೆ ಹೊತ್ತು ನಡೆದೇ ಹೋಗುತ್ತೇನೆ ಎಂದು ಬಗ್ಗಿದ. ನಿನ್ನ ನಡಿಗೆ ರನ್-ಫ್ಲಾಟಿಗಿಂತ ಕೆಟ್ಟದ್ದು, ಮುಟ್ಟಬೇಡ ಎಂದಳು ಬಿ-ಶ್ಯಾ.

ಆಗ ಕೇಳಿಸಿತು ದೂರದಲ್ಲಿ ನಗಾರಿ, ಜಾಗಟೆ. ಮಾಝು ಅಮ್ಮನ ಪಲ್ಲಕ್ಕಿ ಹಳ್ಳಿ ಹಳ್ಳಿ ತಿರುಗಿ ಬರುವ ಹೊತ್ತು. ಅದು ಬರಬೇಕಾದದ್ದು ದೊಡ್ಡ ರಸ್ತೆಯಲ್ಲಿ. ಆದರೆ ಆ ಪಲ್ಲಕ್ಕಿಗೆ ದಾರಿ ಹೇಳುವವರು ಯಾರೂ ಇಲ್ಲ. ಹೆಗಲು ನಮ್ಮದು, ಹಾದಿ ಅವಳದು ಎನ್ನುತ್ತಾರೆ ಹೊರುವವರು. ಕವಲಿನಲ್ಲಿ ಪಲ್ಲಕ್ಕಿ ಹಿಂದಕ್ಕೆ ಮುಂದಕ್ಕೆ ಮೂರು ಸಲ ತೂಗಾಡಿ ಗದ್ದೆಯ ರಸ್ತೆಗೆ ತಿರುಗಿಬಿಟ್ಟಿತು. (ಆ ರಸ್ತೆಯಲ್ಲಿ ಮಾತ್ರ ಮರದ ನೆರಳಿತ್ತು, ಹೊರುವವರು ಬೆಳಗಿನ ಜಾವದಿಂದ ನಡೆದಿದ್ದರು ಎಂಬುದನ್ನು ಹೇಳುವ ನಾಲಿಗೆ ನಮ್ಮದಲ್ಲ.) ಬಂದದ್ದು ಬಂದು, ಕುಸಿದು ಕೂತ ಕಾರಿನ ಎದುರು, ಬಾನಿಗೆ ನಾಲ್ಕು ಮಾರು ದೂರದಲ್ಲಿ ನಿಂತಿತು. ಮುಂದಕ್ಕೆ ಹೆಜ್ಜೆ ಇಡಲಿಲ್ಲ.

ಅತ್ತೆಗೆ ಒಂದು ಕ್ಷಣ ಕೈ ಆಡಲಿಲ್ಲ. ಆಮೇಲೆ ನಲವತ್ತು ವರ್ಷದ ಕೈ ತಾನೇ ಆಡಿತು. ಹಿತ್ತಾಳೆಯ ಚಪ್ಪಟೆ ಸಟ್ಟುಗದಿಂದ ಮೊದಲ ಬಟ್ಟಲು ಅಮ್ಮನ ಮುಂದೆ, ಆಮೇಲೆ ಹೊರುವವರಿಗೆ, ನಗಾರಿಯವರಿಗೆ, ಹಿಂದೆ ಬಂದ ನೂರು ಜನಕ್ಕೆ. ಚಿ-ತುಂಗ್ ಪಾಕ ಸುರಿದ, ಬಿ-ಶ್ಯಾ ಬಟ್ಟಲು ಹಂಚಿದಳು. ಗಳಿಗೆಯಲ್ಲಿ ಬಾನಿಯ ತಳ ಕಂಡಿತು. ಯಾರೋ ಮುದುಕಿ ಕುಸಿದ ಚಕ್ರಕ್ಕೆ ಕೈ ಮುಗಿದು ಕೆಂಪು ಬಟ್ಟೆ ಕಟ್ಟಿದಳು. ಇನ್ನೊಬ್ಬರು ಅದರ ಮುಂದೆ ಊದುಬತ್ತಿ ನೆಟ್ಟರು. ಭಕ್ತೆಯ ಬಾನಿಯನ್ನು ತಾನೇ ಬಂದು ಇಸಿದುಕೊಳ್ಳಬೇಕೆಂದು ಅಮ್ಮನೇ ಚಕ್ರ ಹಿಡಿದು ನಿಲ್ಲಿಸಿದಳು ಎಂಬ ಸುದ್ದಿ ಮೆರವಣಿಗೆಯ ಬಾಲ ಮುಟ್ಟುವಷ್ಟರಲ್ಲಿ ಅಮ್ಮನ ಕೈಯನ್ನು ಕಣ್ಣಾರೆ ಕಂಡವರೇ ಆರು ಜನ ಆಗಿದ್ದರು.

"ನಲವತ್ತು ವರ್ಷ ನಾನು ಅವಳ ಹತ್ರ ಹೋಗಿದ್ದೆ," ಎಂದರು ಅತ್ತೆ. "ಇವತ್ತು ಅವಳೇ ನನ್ನ ಹತ್ರ ಬಂದ್ಲು." ಆಮೇಲೆ ಅಳಿಯನ ಬೆನ್ನ ಮೇಲೆ ಕೈಯಿಟ್ಟು, ಇನ್ನು ತಾವಿರುವವರೆಗೆ ಬಾನಿ ಅವನ ಕಾರಿನಲ್ಲೇ ಎಂದು ನೂರು ಜನರೆದುರು ಸಾರಿದರು.

ಚಿ-ತುಂಗನ ಎದೆ ಎಷ್ಟು ಉಬ್ಬಿತೆಂದರೆ ಅದಕ್ಕೇ ಮೂವತ್ತಾರು ಪೌಂಡು ಬೇಕಾಗಿತ್ತು. ಅಲ್ಲಿಗೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆ ಪಲ್ಲಕ್ಕಿಯ ಜೊತೆ ಬಂದಿದ್ದ ಗುಡಿಯ ಹಿರಿಯರ ಕೈಯಿಂದ ಮರದ ತುಂಡುಗಳನ್ನು ಇಸಿದುಕೊಂಡು ಚಕ್ರದ ಪಕ್ಕದಲ್ಲಿ ಮಂಡಿಯೂರಿದರು.

"ಅಮ್ಮಾ, ಮುಂದಿನ ವರ್ಷವೂ ಇಲ್ಲೇ ಬರ್ತೀಯಾ? ಇದೇ ಮರ, ಇದೇ ಕಾರು, ಈ ಚಕ್ರ ಹೀಗೇ ಕೂತಿರಬೇಕಾ?"

ಒಂದು ಚಪ್ಪಟೆ, ಒಂದು ಉಬ್ಬು. ಹೂಂ. ಎರಡನೇ ಸಲ, ಹೂಂ. ಮೂರನೇ ಸಲ ಇಡೀ ರಸ್ತೆ ಉಸಿರು ಬಿಗಿಹಿಡಿದಿತ್ತು. ಹೂಂ.

ಚಕ್ರದ ವಿಷಯ ಬಿಟ್ಟು ಇನ್ನೊಮ್ಮೆ ಕೇಳಬಹುದೇ ಎಂದು ಚಿ-ತುಂಗ್ ಹಿರಿಯರನ್ನು ವಿನಯದಿಂದ ವಿಚಾರಿಸಿದ. ಮೂರು ಹೂಂ ಆದ ಮೇಲೆ ತಿದ್ದುಪಡಿ ಇಲ್ಲ ಎಂದರು ಹಿರಿಯರು.

ಮಧ್ಯಾಹ್ನ ತ್ಸೆಂಗ್ ಮೇಸ್ತ್ರಿ ಬೇರೆ ಟೈರು ತಂದ. ಉಳಿದ ಮೂರರ ಗಾಳಿ ಅಳೆದು ನೋಡಿ, ಅಡಿಕೆ ಉಗಿದು, ಈ ಲೆಕ್ಕ ಕೊಟ್ಟದ್ದು ಭೂಮಿ ತಾತ ಎಂದು ಚಿ-ತುಂಗನ ಬಾಯಿಂದಲೇ ಕೇಳಿ, ಮರದ ತುಂಡು ಹೇಗೆ ಬಿತ್ತು ಎಂದು ವಿಚಾರಿಸಿದ. ದೇವರು ನಕ್ಕ ಎಂದು ಚಿ-ತುಂಗ್ ಹೇಳಿದ. ನಗದೆ ಇನ್ನೇನು ಮಾಡ್ತಾನೆ ಎಂದಷ್ಟೇ ಹೇಳಿ ಮೇಸ್ತ್ರಿ ಬಾಗಿಲ ಚೀಟಿಯ ಸಂಖ್ಯೆಗೆ ಗಾಳಿ ತುಂಬಿದ.

ಅಂದಿನಿಂದ ಕಾರಿನಲ್ಲಿ ಮುಂದೆ ಮೂವತ್ತಮೂರು, ಹಿಂದೆ ಮೂವತ್ತಾರು. ಬೆಳಿಗ್ಗೆ, ತಣ್ಣಗಿರುವಾಗ, ಬಿ-ಶ್ಯಾ ಚೀಟಿಯನ್ನು ಜೋರಾಗಿ ಓದುತ್ತಾಳೆ, ಅವನು ತುಂಬುತ್ತಾನೆ. ಕಾರು ಬೆಣ್ಣೆಯ ಹಾಗೆ ಓಡುತ್ತದೆ. ದೋಹುವಾಕ್ಕೆ ತಾನು ಮನೆ ಬಿಟ್ಟು ಹೊರಟಿದ್ದೇನೆ ಎಂಬುದೂ ತಿಳಿಯುವುದಿಲ್ಲ. ಹೊಸ ವರ್ಷದ ಊಟದಲ್ಲಿ ಮೀನಿನ ತಲೆ ಮತ್ತೆ ಅವನ ಕಡೆಗೆ ತಿರುಗಿದೆ.

ಆದರೆ ಮೂರನೇ ತಿಂಗಳ ಇಪ್ಪತ್ತಮೂರು ಬಂತೆಂದರೆ ಹಲಸಿನ ಮರದ ಕೆಳಗೆ ಅವನು ಕಾರು ನಿಲ್ಲಿಸಬೇಕು. ಜನ ಅಷ್ಟು ಹೊತ್ತಿಗಾಗಲೇ ಕೆಂಪು ಬಟ್ಟೆ, ಊದುಬತ್ತಿ ಹಿಡಿದು ಕಾದಿರುತ್ತಾರೆ. ಚಿ-ತುಂಗ್ ಹಬ್ಬದ ಹೊಸ ಅಂಗಿಯಲ್ಲೇ ಹಿಂದಿನ ಬಲಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಬೀಗದ ಕೈಯ ತುದಿಯಿಂದ ವಾಲ್ವ್ ಒತ್ತುತ್ತಾನೆ. ಪಕ್ಕದಲ್ಲಿ ಬಿ-ಶ್ಯಾ ಮೀಟರು ಹಿಡಿದು ಮೂವತ್ತು, ಇಪ್ಪತ್ತು, ಹತ್ತು ಎಂದು ಎಣಿಸುತ್ತಾಳೆ. ನಗಾರಿಯ ಸದ್ದು ಹತ್ತಿರವಾಗುತ್ತದೆ. ಇನ್ನೂ ಒಂಚೂರು ಇದೆ ನೋಡು ಎಂದು ಅತ್ತೆ ಒಳಗಿನಿಂದ ಅವಸರಪಡಿಸುತ್ತಾರೆ.

ಈ ವರ್ಷ ಅ-ಕುನ್ ಕೂಡ ಬಂದಿದ್ದ. ಅವನೂ ಹೊಸ ಟೈರು ಹಾಕಿಸಿದ್ದಾನಂತೆ. ಮರಕ್ಕೊರಗಿ, ಕೈಯಲ್ಲಿ ಬಟ್ಟಲು ಹಿಡಿದು, ನಿಜವಾಗಿಯೂ ತಿಳಿಯಬೇಕೆಂಬ ಆಸೆಯಿಂದಲೇ ಕೇಳಿದ.

"ಭಾವ, ಇಷ್ಟೆಲ್ಲ ಪ್ರಯೋಗ ಮಾಡಿದೀರಿ. ಕೊನೆಗೆ ಎಷ್ಟು ಪೌಂಡು ಸರಿ ಅಂತೀರಿ?"

ಚಿ-ತುಂಗ್ ಹಣೆಯ ಬೆವರು ಒರೆಸಿಕೊಂಡು ಹೆಂಡತಿಯ ಕೈಯಲ್ಲಿದ್ದ ಮೀಟರಿನ ಮುಳ್ಳು ನೋಡಿದ.

"ಸೊನ್ನೆ," ಎಂದ. "ದೇವರು ಮೂರು ಸಲ ಹೂಂ ಅಂದಿರೋದು ಅದಕ್ಕೊಂದಕ್ಕೇ."